ಕಲ್ಯಾಣಪ್ಪನ ಕಾಟುಕಾಯಿ: 1837ರ ದಂಡು ನಡೆಸಿದವರು ಯಾರು? ನಂದಾವರದ ಬಂಗರಸನಿಗೆ ಅದರಲ್ಲಿ ಏನು ಪಾತ್ರ?

ಬಂಟ್ವಾಳ: ಎಲ್ಲಾದರೂ ಗಲಾಟೆ, ಗದ್ದಲ ಆದರೆ 'ಅದೊಂದು ಕಲ್ಯಾಣಪ್ಪನ ಕಾಟುಕಾಯಿ' ಅಂತ ಹಿರಿಯರು ಹೇಳುವುದನ್ನು ಜಿಲ್ಲೆಯಲ್ಲಿ ಹಲವರು ಕೇಳಿರುತ್ತಾರೆ. ತಮಾಷೆಯ ಮಾತಾಗಿ ಉಳಿದ ಈ ಹೆಸರಿನ ಹಿಂದೆ ಇರುವುದು 1837ರ ಅಮರ ಸುಳ್ಯ ರೈತ ದಂಗೆ. ಸುಳ್ಯದ ಕಾಡಿನಿಂದ ಹೊರಟ ದಂಡು ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಬಾವುಟಗುಡ್ಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಯಿತು. 13 ದಿನ ಊರು ದಂಗೆಕೋರರ ಕೈಯಲ್ಲಿತ್ತು. ಇದು ಆದದ್ದು 1857ರ ಸಿಪಾಯಿ ದಂಗೆಗಿಂತ 20 ವರ್ಷ ಮೊದಲು.

ಈ ದಂಡನ್ನು ನಡೆಸಿದವರು ಯಾರು? ಒಬ್ಬ ಸೇನಾಪತಿ ಇದ್ದನಾ, ಅಥವಾ ಹಲವರು ಸೇರಿ ನಡೆಸಿದ್ದಾ? ಬಂಟ್ವಾಳ ತಾಲೂಕಿನ ನಂದಾವರಕ್ಕೆ ಇದರಲ್ಲಿ ಏನು ಸಂಬಂಧ? ವಿವರ ಇಲ್ಲಿದೆ.

ದಂಗೆಗೆ ಕಾರಣವೇನು?

1834ರಲ್ಲಿ ಕಂಪನಿ ಸರಕಾರ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ವಶ ಮಾಡಿಕೊಂಡಿತು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು.

ಅರಸರ ಕಾಲದಲ್ಲಿ ರೈತರು ಬೆಳೆದ ಭತ್ತವನ್ನೇ ಕಂದಾಯವಾಗಿ ಕೊಡಬಹುದಿತ್ತು. ಕಂಪನಿ ನಗದು ಕೇಳಿತು. ನಗದು ಬೇಕೆಂದರೆ ಬೆಳೆಯನ್ನು ಸಿಕ್ಕಿದ ರೇಟಿಗೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಅದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಸರಕಾರದ ಹಿಡಿತದಲ್ಲಿತ್ತು. ಅಂದ್ರೆ ಗದ್ದೆಯಿಂದ ಅಂಗಡಿಯವರೆಗೆ ಎಲ್ಲ ಕಡೆ ಬಿಸಿ ತಟ್ಟಿತ್ತು. ದಂಗೆಯವರು ಊರೂರಿಗೆ ಕಳುಹಿಸಿದ ನಿರೂಪಗಳಲ್ಲಿ ಕಂದಾಯದ ರಿಯಾಯಿತಿ, ಉಪ್ಪು–ಹೊಗೆಸೊಪ್ಪಿನ ಸುಂಕ ರದ್ದು ಎಂಬ ಭರವಸೆ ಇದ್ದುದು ಸುಮ್ಮನೆ ಅಲ್ಲ.

ಮುಂದೆ ನಿಂತ ಹೆಸರು: ಕಲ್ಯಾಣಸ್ವಾಮಿ

ದಂಡಿನ ಮುಂದೆ ಇದ್ದ ಹೆಸರು ಕಲ್ಯಾಣಸ್ವಾಮಿಯದ್ದು. ಕೊಡಗಿನ ಹಾಲೇರಿ ಅರಸು ಮನೆತನದ ವಾರಸುದಾರ ತಾನು ಎಂದು ಹೇಳಿಕೊಂಡು ಜನ ಸೇರಿಸುತ್ತಿದ್ದ ಕಲ್ಯಾಣಸ್ವಾಮಿ ದಂಗೆ ಶುರುವಾಗುವ ಮೊದಲೇ ಕಂಪನಿಯ ಸೆರೆಯಲ್ಲಿದ್ದ. ಅವನಿಗಿಂತ ಮೊದಲು ಇದೇ ರೀತಿ ಹೊರಟಿದ್ದ ಅಪರಂಪಾರ ಸ್ವಾಮಿಯನ್ನೂ ಹಿಡಿಯಲಾಗಿತ್ತು.

ಹಾಗಾದರೆ ಮಂಗಳೂರಿಗೆ ಬಂದವನು ಯಾರು? ಅವನು ಕೊಡಗಿನ ಶನಿವಾರಸಂತೆ ಕಡೆಯ ರೈತ ಪುಟ್ಟಬಸಪ್ಪ. ಮುಖಂಡರು ಅವನನ್ನೇ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಿದರು.

ಇದನ್ನು ಬರೀ ಮೋಸ ಎನ್ನುವುದು ಸುಲಭ. ಆದರೆ ಆ ಕಾಲದ ಲೆಕ್ಕವೇ ಬೇರೆ. ಬೇರೆ ಬೇರೆ ಜಾತಿಯ, ಬೇರೆ ಬೇರೆ ಮಾಗಣೆಯ ಜನ ಒಬ್ಬ ಗೌಡನ ಹಿಂದೆಯೋ ಒಬ್ಬ ಹೆಗ್ಗಡೆಯ ಹಿಂದೆಯೋ ಹೋಗುವುದು ಕಷ್ಟ. ಅರಸನ ಹೆಸರಾದರೆ ಯಾರಿಗೂ ಅಡ್ಡಿಯಿಲ್ಲ.

ನಿಜವಾಗಿ ದಂಡು ನಡೆಸಿದವರು

ಕೆದಂಬಾಡಿ ರಾಮಯ್ಯ ಗೌಡ: ಸುಳ್ಯದ ಉಬರಡ್ಕ ಮಿತ್ತೂರಿನವರು. ದಂಗೆಯ ಮುಖ್ಯ ಯೋಜಕರು ಇವರೇ. ಸರಕಾರದ ಕಣ್ಣಿಗೆ ಬೀಳದಂತೆ ಮದುವೆಯ ನೆಪದಲ್ಲಿ ಜನ ಸೇರಿಸಿದರು ಎಂದು ಊರಲ್ಲಿ ಹೇಳುತ್ತಾರೆ. ಆ ಜಾಗಕ್ಕೆ ಮದುವೆಗದ್ದೆ ಎಂಬ ಹೆಸರೇ ಉಳಿದಿದೆ.

ಗುಡ್ಡೆಮನೆ ಅಪ್ಪಯ್ಯ ಗೌಡ: ಕೊಡಗಿನ ಬಾಲಂಬಿಯವರು. ಅರಸರ ಕಾಲದಲ್ಲಿ ಸುಬೇದಾರರಾಗಿದ್ದವರು. ಆಡಳಿತ, ದಂಡು ಎರಡರ ಅನುಭವವೂ ಇದ್ದವರು.

ಹುಲಿ ಕಡಿದ ನಂಜಯ್ಯ: ಪುಟ್ಟಬಸಪ್ಪನ ಜೊತೆಗಿದ್ದ ಕೊಡಗು ಕಡೆಯ ಮುಖಂಡ.

ಲಕ್ಷ್ಮಪ್ಪ ಬಂಗರಸ: ನಂದಾವರದ ಬಂಗ ಮನೆತನದವರು. ದಂಡು ನೇತ್ರಾವತಿ ಹತ್ತಿರ ಬಂದಾಗ ಜೊತೆ ಸೇರಿದರು.

ಇವರ ಜೊತೆ ಕುಜುಗೋಡು ಮಲ್ಲಪ್ಪ ಗೌಡ, ಪೆರ್ಲಂಪಾಡಿಯ ಬೀರಣ್ಣ ಬಂಟ, ಕುಂಬಳೆ ಕಡೆಯ ಸುಬ್ರಾಯ ಹೆಗ್ಡೆ, ಚೆಟ್ಟಿ ಕುಡಿಯ, ಕುರ್ತ ಕುಡಿಯ ಮೊದಲಾದವರ ಹೆಸರೂ ಬರುತ್ತದೆ. ಗೌಡ, ಬಂಟ, ಜೈನ, ಲಿಂಗಾಯತ, ಕುಡಿಯ ಹೀಗೆ ಹಲವು ಸಮುದಾಯದವರು ಮುಖಂಡರ ಸಾಲಿನಲ್ಲೇ ಇದ್ದರು ಎನ್ನುವುದು ಗಮನಿಸಬೇಕಾದ ಸಂಗತಿ.

ಇದು ಸಂಬಳದ ಸೈನ್ಯ ಅಲ್ಲ. ಒಬ್ಬೊಬ್ಬ ಮುಖಂಡ ತನ್ನ ಒಕ್ಕಲು, ನೆಂಟರು, ಊರಿನವರನ್ನು ಕರಕೊಂಡು ಬರುತ್ತಿದ್ದ. ಆಯುಧ ಕೋವಿ, ಕತ್ತಿ, ಬಿಲ್ಲು–ಬಾಣ, ದೊಣ್ಣೆ.

ಬೆಳ್ಳಾರೆಯಿಂದ ಪಾಣೆಮಂಗಳೂರಿಗೆ

ಮಾರ್ಚ್ ಕೊನೆಯಲ್ಲಿ ಸರಕಾರಿ ಅಧಿಕಾರಿ ಅಟ್ಲೂರು ರಾಮಪ್ಪಯ್ಯನ ಹತ್ಯೆಯೊಂದಿಗೆ ದಂಗೆ ಬಹಿರಂಗವಾಯಿತು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ಕಲೆಕ್ಟರ್ ಲೆವಿನ್ ಸಿಪಾಯಿಗಳೊಂದಿಗೆ ಪುತ್ತೂರಿಗೆ ಬಂದರೂ ಜನರ ಸಂಖ್ಯೆ ನೋಡಿ ಮಂಗಳೂರಿಗೆ ಹಿಂತಿರುಗಬೇಕಾಯಿತು. ಅಲ್ಲಿಂದ ಮುಂದೆ ದಾರಿ ತೆರೆಯಿತು.

ಈಗ ಪುತ್ತೂರಿನಿಂದ ಬಸ್ಸು ಹತ್ತಿದವರು ಮಾಣಿ, ಕಲ್ಲಡ್ಕ ದಾಟಿ ಪಾಣೆಮಂಗಳೂರು ಸೇತುವೆ ಮೇಲಿಂದ ಬಿ.ಸಿ.ರೋಡಿಗೆ ಬರುತ್ತಾರೆ. 1837ರಲ್ಲಿ ಸೇತುವೆ ಇರಲಿಲ್ಲ. ಹೊಳೆ ದಾಟದೆ ಮಂಗಳೂರಿಲ್ಲ. ನಂದಾವರ ಇರುವುದು ಪಾಣೆಮಂಗಳೂರಿಗೆ ತಾಗಿಯೇ, ಅದೇ ದಂಡೆಯಲ್ಲಿ. ಅಲ್ಲಿಯ ಬಂಗರಸ ದಂಡಿನ ಪರ ನಿಂತದ್ದು ಎಷ್ಟು ಮುಖ್ಯ ಅಂತ ಜಾಗ ನೋಡಿದರೇ ಗೊತ್ತಾಗುತ್ತದೆ.

ಬಂಗರು ಯಾರು ಎನ್ನುವುದನ್ನೂ ತಿಳಿಯಬೇಕು. ಈಗಿನ ಬೆಳ್ತಂಗಡಿ ತಾಲೂಕಿನ ಬಂಗಾಡಿ ಅವರ ಹಳೆಯ ನೆಲೆ. ನಂದಾವರದಲ್ಲಿ ಅವರ ಕೋಟೆ ಇತ್ತು. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರಂತೆ ಇವರೂ ತುಳುನಾಡಿನ ಜೈನ ಅರಸು ಮನೆತನ. ಕಂಪನಿ ಬರುವ ಹೊತ್ತಿಗೆ ಈ ಮನೆತನಗಳಿಗೆ ಉಳಿದಿದ್ದದ್ದು ಗೌರವ ಮಾತ್ರ, ಅಧಿಕಾರ ಅಲ್ಲ. ವಿರೋಧಿಸಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. 1800ರ ಸುಮಾರಿಗೆ ಕಂಪನಿಯ ವಿರುದ್ಧ ಎದ್ದ ವಿಟ್ಲದ ಹೆಗ್ಗಡೆಯನ್ನು ಗಲ್ಲಿಗೇರಿಸಲಾಗಿತ್ತು. ಅಷ್ಟು ಗೊತ್ತಿದ್ದೂ ಲಕ್ಷ್ಮಪ್ಪ ಬಂಗರಸ ಇಳಿದರು.

ಇನ್ನೊಂದು ಕಡೆಯಲ್ಲಿ ಇದ್ದವರೂ ಊರಿನವರೇ

ದಂಗೆಯನ್ನು ಅಡಗಿಸಿದ್ದು ಬರೀ ಬಿಳಿಯರಲ್ಲ. ಕೊಡಗಿನ ಸೂಪರಿಂಟೆಂಡೆಂಟ್ ಲೆಹಾರ್ಡಿಯ ಬೆಂಬಲಕ್ಕೆ ನಿಂತ ದಿವಾನ ಅಪ್ಪಾರಂಡ ಬೋಪು, ದಿವಾನ ಚೆಪ್ಪುಡಿರ ಪೊನ್ನಪ್ಪ ಮತ್ತು ಅವರ ಜನ ಘಟ್ಟದ ಮೇಲಿನ ದಂಗೆಯನ್ನು ತಡೆದರು. ನಿಷ್ಠೆ ತೋರಿದವರಿಗೆ ಕಂಪನಿ ಪದಕಗಳನ್ನು ಕೊಟ್ಟಿತು. ಅದರ ಮೇಲೆ ಕನ್ನಡ ಅಕ್ಷರಗಳೂ ಇದ್ದವು. ಹಾಗಾಗಿ ಇದನ್ನು ನಾಡಿನವರ ಒಳಗಿನ ಕಾಳಗ ಅಂತಲೂ ಹೇಳಬೇಕಾಗುತ್ತದೆ.

ಮಂಗಳೂರು ಯಾಕೆ ಕೈತಪ್ಪಿತು?

ಇಲ್ಲಿ ನಾಯಕತ್ವದ ಬಲ ಮತ್ತು ಕೊರತೆ ಎರಡೂ ಕಾಣುತ್ತದೆ. ಊರೂರಿನ ಮುಖಂಡರು ಸೇರುತ್ತಾ ಹೋದದ್ದರಿಂದಲೇ ದಂಡು ಕೆಲವೇ ದಿನದಲ್ಲಿ ಬೆಳ್ಳಾರೆಯಿಂದ ಕಡಲ ತೀರಕ್ಕೆ ಬಂತು. ಆದರೆ ಹಿಡಿದ ಊರನ್ನು ಉಳಿಸಿಕೊಳ್ಳಲು ಬೇಕಾದ್ದು ಬೇರೆ: ತರಬೇತಿ, ಮದ್ದುಗುಂಡು, ಒಂದೇ ಆಜ್ಞೆ. ಅದು ಇರಲಿಲ್ಲ. ಮುಖ್ಯವಾಗಿ ಸಮುದ್ರ ಕಂಪನಿಯ ಕೈಯಲ್ಲೇ ಇತ್ತು. ತಲಶ್ಶೇರಿ, ಕಣ್ಣೂರು, ಮುಂಬೈ ಕಡೆಯಿಂದ ಸೈನ್ಯ ಬಂದಾಗ ದಂಡು ಚದುರಿತು. ತಂತಮ್ಮ ಊರಿನಿಂದ ಬಂದವರು ತಂತಮ್ಮ ಊರಿಗೇ ಹಿಂತಿರುಗಿದರು. ಮುಖಂಡರನ್ನು ಒಬ್ಬೊಬ್ಬರಾಗಿ ಹಿಡಿಯಲಾಯಿತು.

ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಮನೆಯವರ ಕಣ್ಣೆದುರೇ ನೇಣಿಗೆ ಹಾಕಲಾಯಿತು.

ಈಗ ನೋಡಬಹುದಾದ ಜಾಗಗಳು

• ಬಾವುಟಗುಡ್ಡೆ, ಮಂಗಳೂರು: ಟಾಗೋರ್ ಪಾರ್ಕ್ ಬಳಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೆ. 2022ರ ನವೆಂಬರ್‌ನಲ್ಲಿ ಅನಾವರಣಗೊಂಡಿತು.
• ಬೆಳ್ಳಾರೆ: ಹಳೆಯ ಖಜಾನೆ ಇದ್ದ ಬಂಗ್ಲೆಗುಡ್ಡೆ.
• ಮಡಿಕೇರಿ: ಕೋಟೆ ಮತ್ತು ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆ.
• ನಂದಾವರ: ಪಾಣೆಮಂಗಳೂರಿನ ಪಕ್ಕದಲ್ಲೇ, ನೇತ್ರಾವತಿ ದಂಡೆಯಲ್ಲಿ.

ಗೆದ್ದವರು ಇದನ್ನು ದರೋಡೆಕೋರರ ಗಲಭೆ ಎಂದು ಬರೆದರು. 'ಕಾಟುಕಾಯಿ' ಎಂಬ ಮಾತು ಗೇಲಿಯಾಗಿ ಬಾಯಿಂದ ಬಾಯಿಗೆ ಬಂತು. ಆ ಹೆಸರಿನ ಹಿಂದೆ ಜೀವ ಕೊಟ್ಟವರಲ್ಲಿ ನಂದಾವರದವರೊಬ್ಬರು ಇದ್ದರು. ಶಾಲೆ ಮಕ್ಕಳಿಗೆ ಸಿಪಾಯಿ ದಂಗೆಯ ಪಾಠ ಹೇಳುವಾಗ ಈ ಹೆಸರನ್ನೂ ಸೇರಿಸಿ ಹೇಳಬಹುದು.