ಗಿರಣಿಗೆ ಕಾಯಿಲೆ, ಮಾಲೀಕರು ಗಟ್ಟಿಮುಟ್ಟು!

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಅನ್ನುತ್ತಾರಲ್ಲ, ನಮ್ಮ ದೇಶದ ಕಂಪನಿ ಸಾಲಗಳ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ತಲೆಬರಹ ಸಿಗಲಿಕ್ಕಿಲ್ಲ.

1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಬಟ್ಟೆ ಗಿರಣಿಗಳ ಮುಷ್ಕರ ಮುಂಬಯಿಯ ಹಳಬರಿಗೆಲ್ಲ ನೆನಪಿದೆ. ಗಿರಣಿಗಳು ಮುಚ್ಚಿದ್ದು ಮುಷ್ಕರದಿಂದಲೇ ಎಂದು ಈಗಲೂ ಹೇಳುವವರಿದ್ದಾರೆ. ಅದು ಅರ್ಧ ಸತ್ಯ ಅಷ್ಟೆ. ಕಾಯಿಲೆ ಬಿದ್ದ ಗಿರಣಿಗಳನ್ನು ನೋಡಿಕೊಳ್ಳಲೆಂದೇ ಸರಕಾರ 1968ರಲ್ಲೇ ನ್ಯಾಷನಲ್ ಟೆಕ್ಸ್‌ಟೈಲ್ ಕಾರ್ಪೊರೇಶನ್ ಸ್ಥಾಪಿಸಿತ್ತು! ಹಳೇ ಯಂತ್ರ, ಪವರ್‌ಲೂಮ್ ಪೈಪೋಟಿ, ಬಂದ ಲಾಭವನ್ನು ಗಿರಣಿಗೆ ಮತ್ತೆ ಹಾಕದ ಮಾಲೀಕರು... ರೋಗ ಹಳೆಯದೇ.

ಮದ್ದು ಬಂದದ್ದು 1985ರಲ್ಲಿ, 'ಸಿಕಾ' ಎಂಬ ಕಾಯ್ದೆಯಾಗಿ. 1987ರಲ್ಲಿ ಬಿ.ಐ.ಎಫ್.ಆರ್. ಎಂಬ ಮಂಡಳಿ ಕೆಲಸ ಶುರು ಮಾಡಿತು. ಕಾಯಿಲೆ ಬಿದ್ದ ಕಾರ್ಖಾನೆಯನ್ನು ಬದುಕಿಸಬೇಕು, ಕೆಲಸಗಾರರ ಅನ್ನ ಉಳಿಸಬೇಕು ಎಂಬ ಉದ್ದೇಶ ಒಳ್ಳೆಯದೇ. ಎಡವಟ್ಟಾದದ್ದು ಎರಡು ಕಡೆ. ಒಂದು, ಕೂಡಿಬಂದ ನಷ್ಟ ಕಂಪನಿಯ ನೆಟ್‌ವರ್ತ್ ಪೂರಾ ನುಂಗಿದ ಮೇಲೆಯೇ ಅದು 'ರೋಗಿ'. ಅಂದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ಇನ್ನೊಂದು, ಅದರ 22ನೇ ಕಲಮು. ಕೇಸು ಮಂಡಳಿಯ ಮುಂದಿದ್ದಷ್ಟು ದಿನ, ಅದರ ಅನುಮತಿ ಇಲ್ಲದೆ ಬ್ಯಾಂಕು ವಸೂಲಿಗೆ ಹೋಗುವಂತಿಲ್ಲ. ಕೇಸುಗಳು ವರ್ಷಗಟ್ಟಲೆ ನಡೆದವು. ಅಷ್ಟು ದಿನವೂ ಮಾಲೀಕರು ಅದೇ ಕುರ್ಚಿಯಲ್ಲಿ.

1993ರಲ್ಲಿ ಸಾಲ ವಸೂಲಿ ನ್ಯಾಯಮಂಡಳಿ ಬಂತು. 2002ರ ಸರ್ಫೇಸಿ ಕಾಯ್ದೆಯಿಂದ ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಸಿಕ್ಕಿತು. ಆದರೆ ಜಾಗ, ಶೆಡ್ಡು, ಯಂತ್ರ ಹರಾಜು ಹಾಕಿದರೆ ಸಾಲದ ಚೂರು ವಸೂಲಾದೀತು, ಕಾರ್ಖಾನೆ ಉಳಿಯುವುದಿಲ್ಲವಲ್ಲ?

ನಿಜವಾದ ತಿರುವು 2016ರ ದಿವಾಳಿ ಸಂಹಿತೆ. ನೆಟ್‌ವರ್ತ್ ಕರಗುವವರೆಗೆ ಕಾಯಬೇಕಿಲ್ಲ, ಕಂತು ತಪ್ಪಿದರೆ ಸಾಕು. ಅರ್ಜಿ ಅಂಗೀಕಾರವಾದ ಕೂಡಲೇ ಆಡಳಿತ ಮಂಡಳಿಯ ಅಧಿಕಾರ ಅಮಾನತು. 2017ರಲ್ಲಿ ಸೇರಿಸಿದ 29ಎ ಕಲಮು, ಸಾಲ ಕೆಡಿಸಿದವರೇ ಹಿಂಬಾಗಿಲಿನಿಂದ ಅಗ್ಗದಲ್ಲಿ ಕಂಪನಿ ಕೊಳ್ಳುವುದನ್ನು ತಡೆಯಿತು. ಅದೇ ವರ್ಷ ರಿಸರ್ವ್ ಬ್ಯಾಂಕು 12 ದೊಡ್ಡ ಖಾತೆಗಳನ್ನು ಈ ದಾರಿಗೆ ಕಳಿಸಿತು. ಅದರಲ್ಲೊಂದಾದ ಎಸ್ಸಾರ್ ಸ್ಟೀಲ್ 2019ರಲ್ಲಿ ಸುಮಾರು 42,000 ಕೋಟಿ ರೂಪಾಯಿಗೆ ಆರ್ಸೆಲರ್‌ಮಿತ್ತಲ್ ಮತ್ತು ನಿಪ್ಪಾನ್ ಸ್ಟೀಲ್ ಪಾಲಾಯಿತು. ಕುಲುಮೆ ಆರಲಿಲ್ಲ. ಈರಭದ್ರ ಮೊದಲ ಸಲ ಕುರ್ಚಿ ಬಿಟ್ಟ!

ಹಾಗಂತ ಎಲ್ಲ ಸರಿಹೋಯಿತೇ? 2019ರಲ್ಲಿ 330 ದಿನಗಳ ಗಡುವು ಹಾಕಿದರೂ ಎಷ್ಟೋ ಕೇಸುಗಳು ಅದನ್ನು ದಾಟಿವೆ. ಕಂಪನಿ ಮುಚ್ಚಿ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಹಿಡಿದ ಬ್ಯಾಂಕುಗಳ ಸರಿಸಮ ಸ್ಥಾನವಿದೆ, ಇದು ಸಮಾಧಾನದ ಮಾತು. ಆದರೆ ಬೋಲ್ಟು, ನಟ್ಟು, ರಟ್ಟಿನ ಡಬ್ಬ ಕೊಟ್ಟ ಸಣ್ಣ ವ್ಯಾಪಾರಿ ಸಾಲಿನ ಕೊನೆಯಲ್ಲೇ ನಿಂತಿದ್ದಾನೆ. 2020ರಿಂದ ಬಾಕಿ ಒಂದು ಕೋಟಿ ಇಲ್ಲದಿದ್ದರೆ ಅವನಿಗೆ ಅರ್ಜಿ ಹಾಕಲಿಕ್ಕೂ ಬಾರದು.

ಮೂರು ದಶಕ ತಡವಾಗಿಯಾದರೂ ಬ್ಯಾಂಕುಗಳ ಕೋಡಂಗಿತನಕ್ಕೆ ಮದ್ದು ಸಿಕ್ಕಿತು. ಆ ವ್ಯಾಪಾರಿಯದಕ್ಕೆ ಯಾವಾಗ ಸಿಗುತ್ತದೋ, ನೀವೇ ಹೇಳಿ.