ತೊಡೆಯ ಸ್ನಾಯುವಿಗೆ ಅಳತೆ

ಗದಗ ಸೀಮೆಯ ಮಾಗಡಿಯಂಥ ಊರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯುವವರಿಗೆ ತಮ್ಮ ಮೈ ಎಷ್ಟು ಬಾಗುತ್ತದೆಂಬ ಲೆಕ್ಕ ಬೇಕಿಲ್ಲ. ಸೊಂಟ ಹಿಡಿದುಕೊಂಡು ಫಿಸಿಯೋಥೆರಪಿ ಮೇಜಿನ ಮೇಲೆ ಮಲಗಿದಾಗಲೇ ಆ ಲೆಕ್ಕ ಶುರು.

1936ರಲ್ಲಿ, ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ಮೈಸೂರು ಅರಮನೆ ಯೋಗಶಾಲೆಯ ತಿರುಮಲೈ ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕಕ್ಕೆ ಬಂದರು. ಧಾರವಾಡದಲ್ಲಿ ಹೆಂಗಸರಿಗೆ ಯೋಗ ಕಲಿಸುವ ಕೆಲಸ ಚಿಕ್ಕವನೆಂಬ ಕಾರಣಕ್ಕೆ ಒಬ್ಬ ಹುಡುಗನ ಪಾಲಿಗೆ ಬಂತು. ಆತನೇ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್.

ಆ ಹುಡುಗನ ಕಾಲಿಗೆ ಅದಾಗಲೇ ಪೆಟ್ಟು ಬಿದ್ದಿತ್ತು. ಪ್ರದರ್ಶನವೊಂದರಲ್ಲಿ ಗುರುಗಳು ಹನುಮಾನಾಸನ ಮಾಡೆಂದರು; ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ನೆಲಕ್ಕೆ ಚಾಚುವ ಆಸನ. ಚಡ್ಡಿ ಬಿಗಿ ಎಂದು ಹುಡುಗ ನೆಪ ಹೇಳಿದ. ಗುರುಗಳು ಕತ್ತರಿ ತರಿಸಿ ಹೊಲಿಗೆ ಬಿಡಿಸಿದರು. ಆಸನವೇನೋ ಆಯಿತು, ಆದರೆ ತೊಡೆಯ ಹಿಂದಿನ ಸ್ನಾಯು ಹರಿದು ವರ್ಷಗಟ್ಟಲೆ ನಡೆಯುವುದೇ ಕಷ್ಟವಾಯಿತೆಂದು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ. ಚಡ್ಡಿ ಬಿಗಿಯೇ ಎಂದು ನೋಡಿದವರಿದ್ದರು, ಸ್ನಾಯು ಬಿಗಿಯೇ ಎಂದು ನೋಡಿದವರಿರಲಿಲ್ಲ.

ನೋಡುವ ಬಗೆ ಕಷ್ಟದ್ದಲ್ಲ. ಈ ಸ್ನಾಯು ಕುಳಿತುಕೊಳ್ಳುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಅಂಟಿಕೊಳ್ಳುತ್ತದೆ. ಎರಡು ಕೀಲುಗಳನ್ನು ದಾಟುತ್ತದೆ. ಆದ್ದರಿಂದ ಅಂಗಾತ ಮಲಗಿಸಿ, ಇನ್ನೊಂದು ತೊಡೆಯನ್ನು ಅದುಮಿ ಹಿಡಿದು, ಮಂಡಿ ಮಡಚದಂತೆ ಕಾಲನ್ನು ಮೇಲೆತ್ತಬೇಕು. ಸುಮಾರು 80 ಡಿಗ್ರಿ ಏರಿದರೆ ಉದ್ದ ಸಾಕು. ಗೋನಿಯೋಮೀಟರ್ ಎಂಬ ಕೋನಮಾಪಕ ಇದನ್ನು ಓದುತ್ತದೆ. ನೋವು ಜುಮ್ಮೆಂದು ಪಾದದವರೆಗೆ ಇಳಿದರೆ ತಕರಾರು ನರದ್ದಿರಬಹುದು. ಕುಳಿತು ಬೆರಳು ಮುಟ್ಟುವ ಪರೀಕ್ಷೆ ಸುಲಭ, ಆದರೆ ಮೋಸದ್ದು: ಬೆನ್ನು ಹೆಚ್ಚು ಬಾಗಿದರೆ ತೊಡೆಯ ಬಿಗಿತ ಮರೆಯಾಗುತ್ತದೆ.

ಇಂಥ ಪರೀಕ್ಷೆಗಳು ಹುಟ್ಟಿದ್ದು ರೋಗಿಗಳ ಹಾಸಿಗೆ ಪಕ್ಕದಲ್ಲಿ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ 1870ರ ದಶಕದಲ್ಲಿ ಸೊಂಟದ ಕೀಲಿನ ಬಿಗಿತ ಪತ್ತೆಹಚ್ಚುವ ಕ್ರಮ ಹೇಳಿದ. ಅಮೆರಿಕದಲ್ಲಿ ಪೋಲಿಯೋ ಪೀಡಿತರ ಆರೈಕೆ ಮಾಡಿದ ಕೆಂಡಾಲ್ ದಂಪತಿ 1949ರಲ್ಲಿ ಸ್ನಾಯು ಪರೀಕ್ಷೆಯ ಪುಸ್ತಕ ತಂದರು.

ಅಯ್ಯಂಗಾರರಿಗೆ ದೊರೆತ ವೈದ್ಯರು ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ. ಆ ಪ್ರವಾಸದಲ್ಲಿ ಪ್ರದರ್ಶನ ಕಂಡ ಅವರು ನಿವೃತ್ತರಾಗಿ ಪುಣೆಗೆ ಹೋದಾಗ, 1937ರಲ್ಲಿ, ಹುಡುಗನನ್ನು ಕರೆಸಿಕೊಂಡರು. ಆರು ತಿಂಗಳಿಗೆಂದು ಹೋದವರು ಅಲ್ಲೇ ನೆಲೆಸಿದರು. ಬಗ್ಗದ ಮೈಯವರಿಗಾಗಿ ಹಗ್ಗ, ಮರದ ತುಂಡು, ಬೆಲ್ಟುಗಳನ್ನು ತಂದರು. ಕೈ ಪಾದಕ್ಕೆ ಎಟುಕದಿದ್ದರೆ ಬೆಲ್ಟನ್ನು ಪಾದಕ್ಕೆ ಸುತ್ತಿ ಹಿಡಿದರಾಯಿತು. ಕೈಗೂ ಪಾದಕ್ಕೂ ನಡುವೆ ಉಳಿದ ಬೆಲ್ಟು ಎಷ್ಟೆಂಬುದು ಎದುರಿಗೆ ಕಾಣುತ್ತದೆ.