ಪುಣೆಯಿಂದ ಹೆಗ್ಗೋಡಿಗೆ: ಚಲನಚಿತ್ರದ ಓದು ನಡೆದುಬಂದ ದಾರಿ

ಚಲನಚಿತ್ರವನ್ನು ಕಾವ್ಯ, ನಾಟಕಗಳಂತೆ ಅಭ್ಯಾಸಕ್ಕೆ ಯೋಗ್ಯವಾದ ಕೃತಿಯೆಂದು ಭಾರತೀಯ ವಿದ್ಯಾರ್ಥಿಯು ಭಾವಿಸತೊಡಗಿದ್ದು ಸ್ವಾತಂತ್ರ್ಯಾನಂತರದ ಬೆಳವಣಿಗೆ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಅವರ ಗೆಳೆಯರು ಕಟ್ಟಿದ ಕಲ್ಕತ್ತಾ ಫಿಲ್ಮ್ ಸೊಸೈಟಿಯು ಚಿತ್ರವನ್ನು ನೋಡಿ ಚರ್ಚಿಸುವ ಪದ್ಧತಿಯನ್ನು ನಗರದ ಒಂದು ಸಣ್ಣ ವಲಯದಲ್ಲಿ ರೂಢಿಸಿತಾದರೂ, ಅದು ಪಠ್ಯಕ್ರಮದ ರೂಪ ತಾಳಿದ್ದು 1960ರಲ್ಲಿ ಕೇಂದ್ರ ಸರ್ಕಾರವು ಪುಣೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದ ಮೇಲೆ. ಅದಕ್ಕೆ ದೊರೆತದ್ದು ಮುಚ್ಚಿಹೋಗಿದ್ದ ಪ್ರಭಾತ್ ಸ್ಟುಡಿಯೋದ ಆವರಣ. 1937ರ ಮರಾಠಿ ಚಿತ್ರ ‘ಕುಂಕು’ವಿನಲ್ಲಿ ವಿ. ಶಾಂತಾರಾಂ ಅವರು ಎಳೆಯ ಹುಡುಗಿಯನ್ನು ಮದುವೆಯಾದ ಮುದುಕನ ವಯಸ್ಸನ್ನು ಗೋಡೆ ಗಡಿಯಾರವೊಂದರ ಮೂಲಕ ಸೂಚಿಸಿದ್ದು ಅದೇ ಸ್ಟುಡಿಯೋದ ಸಂಸ್ಥೆಗಾಗಿ ಎಂಬುದನ್ನು ನೆನೆದರೆ, ಸಂಕೇತದ ಬಳಕೆಯು ಸಂಕೇತದ ಪಾಠಕ್ಕಿಂತ ಬಹಳ ಮೊದಲೇ ಆ ನೆಲದಲ್ಲಿ ನಡೆದಿತ್ತೆಂದು ತಿಳಿಯುತ್ತದೆ.

ಪಾಠಕ್ಕೆ ಕ್ರಮ ತಂದವರು ಸತೀಶ್ ಬಹಾದುರ್. ಆಗ್ರಾದಲ್ಲಿ ಅರ್ಥಶಾಸ್ತ್ರ ಕಲಿಸುತ್ತ ಚಿತ್ರಸಮಾಜ ನಡೆಸುತ್ತಿದ್ದ ಅವರು ಪುಣೆಗೆ ಬಂದು ಚಿತ್ರರಸಗ್ರಹಣವನ್ನು, ಎಂದರೆ ಚಿತ್ರದ ರಚನೆಯನ್ನು ಅರಿತು ಅದನ್ನು ಸವಿಯುವ ಶಿಸ್ತನ್ನು, ಒಂದು ಸ್ವತಂತ್ರ ವಿಷಯವಾಗಿ ಬೋಧಿಸಿದರು. 1955ರ ‘ಪಥೇರ್ ಪಾಂಚಾಲಿ’ಯನ್ನು ಷಾಟ್ ಷಾಟ್ ಆಗಿ ಬಿಡಿಸಿ ತೋರಿಸುತ್ತಿದ್ದ ಅವರ ಕ್ರಮದಲ್ಲಿ ಷಾಟ್, ಎಂದರೆ ಕ್ಯಾಮೆರಾ ಒಮ್ಮೆ ತಡೆಯಿಲ್ಲದೆ ಓಡಿದಾಗ ದೊರೆಯುವ ತುಣುಕು, ಕವಿತೆಯ ಸಾಲಿನಷ್ಟೇ ಸೂಕ್ಷ್ಮವಾಗಿ ಪರಿಶೀಲಿಸಬೇಕಾದ ಘಟಕವಾಗಿತ್ತು. ಇಂತಹ ಓದಿಗೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ನೋಡುವ ಅವಕಾಶ ಬೇಕು; ಅದನ್ನು ಒದಗಿಸಿದ್ದು 1964ರಲ್ಲಿ ಅಲ್ಲಿಯೇ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಮತ್ತು ಅದಕ್ಕಾಗಿ ದೇಶವೆಲ್ಲ ತಿರುಗಿ ಪ್ರಿಂಟುಗಳನ್ನು ಕೂಡಿಸಿದ ಪಿ.ಕೆ. ನಾಯರ್. ನಿರ್ದೇಶಕನೇ ಚಿತ್ರದ ಕರ್ತೃ, ಕವಿಗಿರುವಂತೆ ಅವನಿಗೂ ತನ್ನದೇ ಶೈಲಿಯೂ ಜೀವನದೃಷ್ಟಿಯೂ ಇರುತ್ತವೆ ಎಂದು 1950ರ ದಶಕದ ಫ್ರೆಂಚ್ ವಿಮರ್ಶಕರು ಮಂಡಿಸಿದ್ದ ವಾದವು ಆ ವೇಳೆಗೆ ಎಲ್ಲೆಡೆ ಹಬ್ಬಿದ್ದರಿಂದ, ನಿರ್ದೇಶಕನೊಬ್ಬನ ಕೃತಿಗಳನ್ನು ಒಟ್ಟಾಗಿ ಓದುವುದು ಸಹಜ ಕ್ರಮವೆನಿಸಿತ್ತು.

ಆದರೆ ಈ ವಾದವನ್ನು ಅಷ್ಟಕ್ಕೇ ನಿಲ್ಲಿಸಿದ್ದರೆ ಓದು ವ್ಯಕ್ತಿಪೂಜೆಯಾಗುವ ಅಪಾಯವಿತ್ತು. ಅದನ್ನು ತಪ್ಪಿಸಿದವರಲ್ಲಿ, 1960ರ ದಶಕದ ನಡುವೆ ಅಲ್ಪಕಾಲ ಪುಣೆಯ ಇನ್‌ಸ್ಟಿಟ್ಯೂಟ್‌ನಲ್ಲಿ ಉಪಪ್ರಾಂಶುಪಾಲರಾಗಿದ್ದು ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಅವರಂಥ ಶಿಷ್ಯರನ್ನು ರೂಪಿಸಿದ ಋತ್ವಿಕ್ ಘಟಕ್ ಪ್ರಮುಖರು. ಅವರ 1960ರ ‘ಮೇಘೇ ಢಾಕಾ ತಾರಾ’ದಲ್ಲಿ ನಿರಾಶ್ರಿತ ಕುಟುಂಬದ ಹೊರೆ ಹೊತ್ತ ನೀತಾಳ ಚಪ್ಪಲಿ ಕಿತ್ತುಬರುತ್ತದೆ, ಕೊನೆಯಲ್ಲಿ ಅದೇ ಬೀದಿಯಲ್ಲಿ ಇನ್ನೊಬ್ಬ ಹುಡುಗಿಯ ಚಪ್ಪಲಿಯೂ ಕಿತ್ತುಬರುತ್ತದೆ; ‘ಸುವರ್ಣರೇಖಾ’ದಲ್ಲಿ ಪಾಳುಬಿದ್ದ ಯುದ್ಧಕಾಲದ ವಿಮಾನದ ಓಡುದಾರಿಯ ಮೇಲೆ ಆಡುತ್ತಿದ್ದ ಬಾಲೆಯೆದುರು ಕಾಳಿಯ ವೇಷದ ಬಹುರೂಪಿ ಹಠಾತ್ತನೆ ಬಂದು ನಿಲ್ಲುತ್ತಾನೆ. ದೇಶವಿಭಜನೆಯಿಂದ ಬಂಗಾಳದಲ್ಲಿ ಮನೆಮಠ ಕಳೆದುಕೊಂಡ ಜನರ ಪಾಡನ್ನು ಅರಿಯದವನಿಗೆ ಮೊದಲನೆಯದು ಬರಿಯ ಚಪ್ಪಲಿ, ಎರಡನೆಯದು ಬರಿಯ ವೇಷ. ಸಂಕೇತವು ತನ್ನ ಸಮಾಜದಿಂದಲೇ ಅರ್ಥ ಪಡೆಯುತ್ತದೆ, ಅದನ್ನು ಅಲ್ಲಿಂದ ಕಿತ್ತು ಒಗಟು ಬಿಡಿಸಿದಂತೆ ಬಿಡಿಸುವ ವಿದ್ಯಾರ್ಥಿಗೆ ಉತ್ತರ ದೊರೆತರೂ ಚಿತ್ರ ದಕ್ಕುವುದಿಲ್ಲ.

ಈ ಶಿಸ್ತಿನ ಫಲವನ್ನು ಕನ್ನಡವು ಕಂಡದ್ದು ಪುಣೆಯಲ್ಲಿ ಕಲಿತ ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಲ್ಲಿ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಸ್ವರ್ಣಕಮಲ ಪಡೆದ ಈ ಚಿತ್ರದಲ್ಲಿ ಬಸಿರಾದ ವಿಧವೆ ಯಮುನೆಯನ್ನು, ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ, ಮಡಕೆ ಒಡೆದು ಅಗ್ರಹಾರದಿಂದ ಹೊರಹಾಕಲಾಗುತ್ತದೆ. ಇಲ್ಲಿ ಸಂಕೇತವನ್ನು ನಿರ್ದೇಶಕ ಹೊರಗಿನಿಂದ ತಂದು ಇಟ್ಟಿಲ್ಲ. ಆಚಾರವೇ ಸಂಕೇತವಾಗಿದೆ, ಮತ್ತು ವೇದ ಕಲಿಯಲು ಬಂದ ಬಾಲಕ ನಾಣಿಯ ಕಣ್ಣಿನಲ್ಲಿ ಅದನ್ನು ಕಾಣಿಸಿದ್ದರಿಂದ ಅದರ ಕ್ರೌರ್ಯಕ್ಕೆ ವಿವರಣೆಯ ಅಗತ್ಯವೇ ಬಿದ್ದಿಲ್ಲ.

ಪುಣೆಯ ಡಿಪ್ಲೊಮಾ ಇಲ್ಲದವರಿಗೂ ಈ ಓದು ನಿಲುಕುತ್ತದೆಂದು ತೋರಿಸಿದ ಕೀರ್ತಿ ಸಾಗರ ತಾಲ್ಲೂಕಿನ ಹೆಗ್ಗೋಡಿನದು. ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1973ರಲ್ಲಿ ಹುಟ್ಟಿದ ನೀನಾಸಮ್ ಚಿತ್ರಸಮಾಜವು ಅಡಿಕೆ ಬೆಳೆಗಾರರ ಆ ಹಳ್ಳಿಯಲ್ಲಿ ಕುರೊಸಾವಾ, ರಾಯ್ ಅವರ ಚಿತ್ರಗಳನ್ನು ತೋರಿಸಿತು, ಪುಣೆಯ ಸಂಗ್ರಹಾಲಯದಿಂದ ಪ್ರಿಂಟುಗಳು ಅಲ್ಲಿಗೆ ಬಂದವು, ರಸಗ್ರಹಣ ಶಿಬಿರಗಳು ನಡೆದವು. ಭಾಷೆ ಬಾರದಿದ್ದರೂ ಪ್ರೇಕ್ಷಕರು ತಮ್ಮ ಊರಿನ ಬಡತನ, ಹಟ, ಮಮತೆಗಳ ಅನುಭವದಿಂದ ಆ ಚಿತ್ರಗಳನ್ನು ಗ್ರಹಿಸಿದರು. ಭಾರತದ ಚಿತ್ರಶಿಕ್ಷಣದ ಇತಿಹಾಸದಲ್ಲಿ ಇದು ಪುಣೆಯ ತರಗತಿಗಳಿಗೆ ಸಮನಾದ ಅಧ್ಯಾಯ.

ಓದುವವರಿದ್ದರೂ ಕೃತಿಯೇ ಉಳಿಯದಿದ್ದರೆ ಓದು ಸಾಧ್ಯವಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರಿಂಟು ಇಂದು ಲಭ್ಯವಿಲ್ಲ, ಆದ್ದರಿಂದ ಅದರ ನಿರ್ದೇಶಕ ವೈ.ವಿ. ರಾವ್ ಅವರ ಕೆಲಸವನ್ನು ಕನ್ನಡದ ವಿದ್ಯಾರ್ಥಿಯು ಪತ್ರಿಕೆಗಳ ಬರಹದಿಂದಲೂ ಹಳೆಯ ಛಾಯಾಚಿತ್ರಗಳಿಂದಲೂ ಊಹಿಸಿಕೊಳ್ಳಬೇಕಾಗಿದೆ. 1970ರ ದಶಕದ ಕನ್ನಡ ಚಿತ್ರಗಳಿಗೂ ಇದೇ ಗತಿ ಬಾರದಂತೆ, ಅವುಗಳ ನೆಗೆಟಿವ್ ಹಾಗೂ ಪ್ರಿಂಟುಗಳನ್ನು ಕಾಪಾಡಿ ವಿದ್ಯಾರ್ಥಿಗಳಿಗೆ ತೆರೆದಿಡುವ ಕೆಲಸವನ್ನು ರಾಜ್ಯವೂ ವಿಶ್ವವಿದ್ಯಾಲಯಗಳೂ ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.